‘ಏನೂ ಬೆಳೆದಿಲ್ಲ’ ಅಂದ ರಿಪೋರ್ಟು: ಒಬ್ಬ ಬಸ್ ಡ್ರೈವರ್‌ನ ಉರಿಮೂತ್ರದ ಪ್ರಕರಣ

ಇದು ನನ್ನದೇ ಕ್ಲಿನಿಕ್ಕಿನ ಪ್ರಕರಣ. ತಪ್ಪಿನಲ್ಲಿ ಜಾಸ್ತಿ ಪಾಲೂ ನನ್ನದೇ. ರೋಗ ಏನು ಅಂತ ಗೊತ್ತಾಗಲು ಹತ್ತು ತಿಂಗಳು ಹಿಡಿಯಿತು. ಅಷ್ಟರಲ್ಲಿ ಒಂದು ಕಿಡ್ನಿ ಅರ್ಧಕ್ಕಿಂತ ಹೆಚ್ಚು ಕೆಟ್ಟಿತ್ತು. ರೋಗಿಯನ್ನು ಕೇಳಿಯೇ ಬರೆಯುತ್ತಿದ್ದೇನೆ. "ಬರೀರಿ ಸಾರ್, ಆದ್ರೆ ನಮ್ಮ ಬಸ್ಸಿನ ಹೆಸರು ಮಾತ್ರ ಹಾಕ್ಬೇಡಿ" ಅಂದರು. ಬಸ್ಸಿನ ಹೆಸರು, ಊರು, ರೂಟು ಯಾವುದೂ ಇಲ್ಲಿ ಇಲ್ಲ. ವಯಸ್ಸು, ಮನೆಯ ವಿವರ ಒಂದಿಷ್ಟು ಬದಲಾಯಿಸಿದ್ದೇನೆ. ಹಳೇ ಮೈಸೂರು ಕಡೆಯ ಒಂದು ತಾಲ್ಲೂಕು ಕೇಂದ್ರ, ಖಾಸಗಿ ಬಸ್ಸು, 36 ವರ್ಷದ ಡ್ರೈವರ್. ಮನೆಯಲ್ಲಿ ತಾಯಿ, ಹೆಂಡತಿ, ಆರು ವರ್ಷದ ಮಗಳು. ಇಷ್ಟು ಸಾಕು.

ಸೀಟಿನ ಉಷ್ಣ

2024ರ ಮಾರ್ಚ್. ಸಂಜೆ ಹೊತ್ತು, ಕ್ಲಿನಿಕ್ಕು ತುಂಬಿತ್ತು. ಮೂತ್ರ ಉರಿ, ಪದೇ ಪದೇ ಹೋಗಬೇಕು ಅನ್ನಿಸುವುದು, ರಾತ್ರಿ ಮೂರು ಸಲ ಏಳುವುದು. ಜ್ವರ ಇಲ್ಲ. "ಉಷ್ಣ ಸಾರ್, ಇಂಜಿನ್ ಪಕ್ಕದಲ್ಲೇ ಕೂತಿರ್ತೀನಲ್ಲ" ಅಂತ ಕಾರಣವನ್ನೂ ಅವರೇ ಹೇಳಿದರು. ನನಗೂ ಸರಿ ಅನ್ನಿಸಿತು. ದಿನಕ್ಕೆ ಹತ್ತು ಗಂಟೆ ಇಂಜಿನ್ನಿನ ಬಿಸಿ, ಮಧ್ಯೆ ಇಳಿಯಲು ಆಗಲ್ಲ ಅಂತ ನೀರು ಕುಡಿಯುವುದೇ ಕಮ್ಮಿ, ಇನ್ನು ಬಸ್ ಸ್ಟ್ಯಾಂಡಿನ ಶೌಚಾಲಯದ ಕಥೆ ಹೇಳುವುದೇ ಬೇಡ. ನಮ್ಮಲ್ಲಿ ಉಷ್ಣ ಅನ್ನುವ ಒಂದು ಮಾತಿದೆಯಲ್ಲ, ಅದನ್ನು ಹೇಳಿಬಿಟ್ಟರೆ ಆಮೇಲೆ ಯಾರೂ ಏನೂ ಕೇಳುವುದಿಲ್ಲ. ರೋಗಿಗೂ ಸಮಾಧಾನ, ಡಾಕ್ಟರಿಗೂ ಸಮಾಧಾನ. ಐದು ದಿನದ ಆಂಟಿಬಯೋಟಿಕ್, ಉರಿಗೆ ಒಂದು ಸಿರಪ್ ಬರೆದೆ. ಎಳನೀರು ಕುಡೀರಿ ಅಂದೆ. ಮೂತ್ರ ಪರೀಕ್ಷೆ ಮಾಡಿಸಲಿಲ್ಲ.

ಹೆಂಗಸರಿಗೆ ಒಂದೆರಡು ಸಲ ಉರಿಮೂತ್ರ ಬಂದರೆ ಅದರಲ್ಲಿ ದೊಡ್ಡ ಗುಟ್ಟೇನೂ ಇರುವುದಿಲ್ಲ. ಅವರ ಮೂತ್ರನಾಳ ಬರೀ ನಾಲ್ಕು ಸೆಂಟಿಮೀಟರ್ ಆಸುಪಾಸು, ಕರುಳಿನಲ್ಲಿರುವ ಇ-ಕೋಲಿ ಬ್ಯಾಕ್ಟೀರಿಯಾ ಸುಲಭವಾಗಿ ಮೂತ್ರಕೋಶಕ್ಕೆ ಹತ್ತಿಬಿಡುತ್ತದೆ. ಗಂಡಸರದು ಇಪ್ಪತ್ತು ಸೆಂಟಿಮೀಟರ್ ದಾರಿ. ಹಾಗಾಗಿ ನಡುವಯಸ್ಸಿನ ಗಂಡಸಿಗೆ ಮೂತ್ರದ ಸೋಂಕು ಅಂದರೆ, ಅದರಲ್ಲೂ ಮತ್ತೆ ಮತ್ತೆ ಬಂದರೆ, ಹಿಂದೆ ಏನೋ ಇದೆ ಅಂತ ಹುಡುಕಬೇಕು: ಸಕ್ಕರೆ ಕಾಯಿಲೆ, ಹರಳು, ಪ್ರಾಸ್ಟೇಟ್, ಮೂತ್ರನಾಳ ಕಿರಿದಾಗಿರುವುದು, ಇಲ್ಲವೇ ಬೇರೆ ಯಾವುದಾದರೂ. ಇದು ಎಂಬಿಬಿಎಸ್ ಓದುವ ಹುಡುಗರಿಗೂ ಗೊತ್ತು. ನನಗೂ ಗೊತ್ತಿತ್ತು. ಹೊರಗೆ ಇಪ್ಪತ್ತು ಜನ ಕಾಯುತ್ತಿದ್ದಾಗ ಅದು ತಲೆಗೆ ಬರಲಿಲ್ಲ ಅಷ್ಟೆ.

ಮೇ ತಿಂಗಳಲ್ಲಿ ಮತ್ತೆ ಬಂದರು. ಈ ಸಲ ಪಕ್ಕದ ಲ್ಯಾಬಿಗೆ ಕಳಿಸಿದೆ. ಪಸ್ ಸೆಲ್ಸ್, ಅಂದರೆ ಕೀವಿನ ಕಣ, 20ರಿಂದ 25. ಕೆಂಪು ರಕ್ತಕಣ 8ರಿಂದ 10. ಐದರ ಒಳಗಿದ್ದರೆ ಪಸ್ ಸೆಲ್ಸನ್ನು ನಾವು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. 25 ಅಂದರೆ ಒಳಗೆಲ್ಲೋ ಉರಿಯೂತ ಇದೆ ಅಂತಲೇ ಅರ್ಥ. ಸಕ್ಕರೆ ಸರಿಯಿತ್ತು. ಆಫ್ಲಾಕ್ಸಾಸಿನ್ ಅನ್ನುವ ಆಂಟಿಬಯೋಟಿಕ್ ಏಳು ದಿನ ಕೊಟ್ಟೆ. ಹದಿನೈದು ದಿನ ಚೆನ್ನಾಗಿದ್ದರು, ಆಮೇಲೆ ಮತ್ತೆ ಅದೇ.

ಜೂನ್, ಜುಲೈನಲ್ಲಿ ಅವರು ನನ್ನ ಹತ್ತಿರ ಬರಲಿಲ್ಲ. ನನ್ನದೇ ಚೀಟಿ ತೋರಿಸಿ ಮೆಡಿಕಲ್ ಶಾಪಿನಲ್ಲಿ ಅದೇ ಮಾತ್ರೆ ಎರಡು ಸಲ ತೆಗೆದುಕೊಂಡಿದ್ದರು ಅಂತ ಆಮೇಲೆ ಗೊತ್ತಾಯಿತು. ಕಂಡಕ್ಟರ್ ಹೇಳಿದ ಅಂತ ಬಾಳೆದಿಂಡಿನ ರಸವನ್ನೂ ಒಂದು ತಿಂಗಳು ಕುಡಿದಿದ್ದರು. ಜಿಲ್ಲಾ ಕೇಂದ್ರದ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ಹೊಟ್ಟೆಯ ಸ್ಕ್ಯಾನ್ ಮಾಡಿಸಿದ್ದರು. ಎಡ ಕಿಡ್ನಿ ಸ್ವಲ್ಪ ಊದಿದೆ, ಅದರಲ್ಲಿ 4 ಮಿಲಿಮೀಟರಿನ ಹರಳಿನಂಥದ್ದು ಇದೆ ಅಂತ ಬರೆದಿತ್ತು.

ಆ ಹರಳು ಸಿಕ್ಕಿದ್ದೇ ಎಲ್ಲರಿಗೂ ಒಂಥರಾ ನೆಮ್ಮದಿ. ಅವರಿಗೂ, ಅವರ ಮನೆಯವರಿಗೂ, ಅವರನ್ನು ನೋಡಿದ ಇನ್ನೊಬ್ಬ ಡಾಕ್ಟರಿಗೂ, ನನಗೂ. ಹರಳು ಅಂದರೆ ಎಲ್ಲರಿಗೂ ಅರ್ಥವಾಗುತ್ತದೆ. ನೀರು ಕುಡೀರಿ, ಬಿದ್ದುಹೋಗುತ್ತೆ. ನಾಲ್ಕು ಮಿಲಿಮೀಟರಿನ ಹರಳು ಕಿಡ್ನಿಯೊಳಗೆ ಸುಮ್ನೆ ಕೂತಿದ್ದರೆ ಗಂಟೆಗೊಂದು ಸಲ ಮೂತ್ರಕ್ಕೆ ಯಾಕೆ ಓಡಿಸಬೇಕು ಅಂತ ಯಾರೂ ಕೇಳಲಿಲ್ಲ. ಅದು ಹರಳೇ ಆಗಿರಲಿಲ್ಲ ಅನ್ನುವುದು ಆರು ತಿಂಗಳಾದ ಮೇಲೆ ಸಿಟಿ ಸ್ಕ್ಯಾನಿನಲ್ಲಿ ಗೊತ್ತಾಯಿತು. ಕೊಳೆತ ಜಾಗದಲ್ಲಿ ಸುಣ್ಣ ಕಟ್ಟಿಕೊಂಡಿತ್ತು.

ಖಾಲಿ ತಟ್ಟೆ

ಆಗಸ್ಟಿನಲ್ಲಿ ಕೊನೆಗೂ ಮೂತ್ರದ ಕಲ್ಚರ್ ಮಾಡಿಸಿದೆ, ಅಂದರೆ ಮೂತ್ರದಲ್ಲಿರುವ ಬ್ಯಾಕ್ಟೀರಿಯಾವನ್ನು ಲ್ಯಾಬಿನ ತಟ್ಟೆಯಲ್ಲಿ ಬೆಳೆಸಿ ನೋಡುವ ಪರೀಕ್ಷೆ. ಎರಡು ದಿನ ಬಿಟ್ಟು ರಿಪೋರ್ಟು ಬಂತು: 48 ಗಂಟೆಯ ನಂತರವೂ ಏನೂ ಬೆಳೆದಿಲ್ಲ. ಅದೇ ದಿನದ ಮೂತ್ರದಲ್ಲಿ ಪಸ್ ಸೆಲ್ಸ್ ಮಾತ್ರ 30ರ ಮೇಲೆ.

ಈ ಎರಡು ಕಾಗದಗಳನ್ನು ಅಕ್ಕಪಕ್ಕ ಇಟ್ಟು ಹತ್ತು ನಿಮಿಷ ಯೋಚಿಸಿದ್ದರೆ ಈ ಲೇಖನ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಕೀವು ಇದೆ, ಬ್ಯಾಕ್ಟೀರಿಯಾ ಇಲ್ಲ. ಹಾಗಾದರೆ ಕೀವು ಯಾಕೆ ಬಂತು? ಇದಕ್ಕೆ ಕೆಲವೇ ಉತ್ತರಗಳಿವೆ. ಕಲ್ಚರಿಗೆ ಮೊದಲೇ ಆಂಟಿಬಯೋಟಿಕ್ ನುಂಗಿರಬಹುದು. ಹರಳು ಇರಬಹುದು. ಕ್ಲಮೈಡಿಯಾ, ಗೊನೋರಿಯಾದಂಥ ಲೈಂಗಿಕ ಸೋಂಕು ಇರಬಹುದು, ಅವು ಮಾಮೂಲಿ ಕಲ್ಚರಿನಲ್ಲಿ ಬೆಳೆಯುವುದಿಲ್ಲ. ನೋವಿನ ಮಾತ್ರೆ ಜಾಸ್ತಿ ತಿಂದು ಕಿಡ್ನಿಗೆ ಪೆಟ್ಟಾಗಿರಬಹುದು. ಇಲ್ಲವೇ ಟಿಬಿ.

ಟಿಬಿ ರೋಗಾಣು ನಿಧಾನದ ಪ್ರಾಣಿ. ಇ-ಕೋಲಿ ಅನುಕೂಲ ಇದ್ದರೆ ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಎರಡಾಗುತ್ತದೆ. ಟಿಬಿಯದು ಒಂದು ಎರಡಾಗಲು ಹೆಚ್ಚುಕಮ್ಮಿ ಒಂದು ದಿನ ಬೇಕು. ಜೊತೆಗೆ ಮಾಮೂಲಿ ಲ್ಯಾಬ್ ತಟ್ಟೆಯಲ್ಲಿ ಅದಕ್ಕೆ ಬೇಕಾದ ಆಹಾರವೂ ಇರುವುದಿಲ್ಲ. ಬೇರೆ ಮಾಧ್ಯಮ ಬೇಕು, ಆರೆಂಟು ವಾರ ಕಾಯಬೇಕು. ಎರಡು ದಿನಕ್ಕೆ ತಟ್ಟೆ ನೋಡಿ ‘ಏನೂ ಬೆಳೆದಿಲ್ಲ’ ಅಂತ ಬರೆದ ಲ್ಯಾಬಿನವರದ್ದು ತಪ್ಪಲ್ಲ. ಅವರು ಕಂಡದ್ದನ್ನು ಬರೆದರು. ಅದನ್ನು ‘ಏನೂ ಇಲ್ಲ’ ಅಂತ ಓದಿಕೊಂಡವನು ನಾನು.

ಆಂಟಿಬಯೋಟಿಕ್ ತಿಂದಿದ್ದಕ್ಕೆ ಹೀಗಾಗಿದೆ ಅಂತ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು ಕಾರಣವೇನೂ ಅಲ್ಲ. ಆದರೆ ಹಾಗಂದುಕೊಂಡ ಮೇಲೆ ಎರಡು ವಾರ ಎಲ್ಲ ಮಾತ್ರೆ ನಿಲ್ಲಿಸಿ ಮತ್ತೊಮ್ಮೆ ಕಲ್ಚರ್ ಮಾಡಿಸಬೇಕಿತ್ತು. ನಾನು ಮಾಡಿದ್ದು ಉಲ್ಟಾ. ಪ್ರಾಸ್ಟೇಟಿನ ಉರಿಯೂತ ಇರಬಹುದು ಅಂತ ಲೀವೋಫ್ಲಾಕ್ಸಾಸಿನ್ ಮೂರು ವಾರ ಬರೆದೆ.

ಮೂರು ವಾರದಲ್ಲಿ ಅವರಿಗೆ ಎಷ್ಟು ಚೆನ್ನಾಗಾಯಿತು ಅಂದರೆ, ನನಗೆ ಕೊಡಲು ಅಂತ ಅವರ ಊರಿನ ಹಲಸಿನ ಹಪ್ಪಳ ತಂದಿದ್ದರು. ರಾತ್ರಿ ಒಂದೇ ಸಲ ಏಳುತ್ತಿದ್ದರಂತೆ. ಊಟ ಸೇರುತ್ತಿತ್ತಂತೆ. ನಾನೂ ಬೀಗಿದೆ. ಈಗ ನೆನೆಸಿಕೊಂಡರೆ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ. ಯಾಕೆಂದರೆ ಈ ಫ್ಲಾಕ್ಸಾಸಿನ್ ಗುಂಪಿನ ಮಾತ್ರೆಗಳು ಟಿಬಿ ರೋಗಾಣುವಿಗೂ ಏಟು ಕೊಡುತ್ತವೆ. ಮಾತ್ರೆಗೆ ಬಗ್ಗದ ಟಿಬಿ ಬಂದಾಗ ಲೀವೋಫ್ಲಾಕ್ಸಾಸಿನ್ನನ್ನೇ ಬೇರೆ ಔಷಧಿಗಳ ಜೊತೆ ಸೇರಿಸಿ ಕೊಡುತ್ತಾರೆ. ಅದೊಂದನ್ನೇ ಕೊಟ್ಟರೆ ರೋಗ ಸ್ವಲ್ಪ ದಿನ ತಲೆ ಬಗ್ಗಿಸಿ ಕೂರುತ್ತದೆ, ಪರೀಕ್ಷೆಯಲ್ಲೂ ಸಿಕ್ಕುವುದಿಲ್ಲ, ಆಮೇಲೆ ಆ ಮಾತ್ರೆಯನ್ನೇ ಜೀರ್ಣಿಸಿಕೊಂಡು ಎದ್ದು ಬರಬಹುದು. ಗುಣ ಆಗುತ್ತಿದೆ ಅಂತ ನಾವಿಬ್ಬರೂ ಖುಷಿಪಟ್ಟಿದ್ದೇ ರೋಗಕ್ಕೆ ಇನ್ನೂ ನಾಲ್ಕು ತಿಂಗಳು ಕೊಟ್ಟ ಹಾಗಾಯಿತು. ಮಾತ್ರೆ ನಿಲ್ಲಿಸಿ ಹತ್ತು ದಿನಕ್ಕೆ ಉರಿ ವಾಪಸ್ಸು.

ಬಾಗಿಲ ಹತ್ತಿರ ನಿಂತು ಹೇಳಿದ ಮಾತು

ಡಿಸೆಂಬರಿನಲ್ಲಿ ಅವರ ಹೆಂಡತಿ ಮಗಳ ಜ್ವರಕ್ಕೆ ತೋರಿಸಲು ಬಂದಿದ್ದರು. ಮಗುವನ್ನು ನೋಡಿ ಆಯಿತು, ಚೀಟಿ ತೆಗೆದುಕೊಂಡು ಎದ್ದರು. ಬಾಗಿಲವರೆಗೂ ಹೋದವರು ನಿಂತರು. ಡಾಕ್ಟರುಗಳಿಗೆ ಈ ಗಳಿಗೆ ಗೊತ್ತಿರುತ್ತದೆ. ನಿಜವಾದ ವಿಷಯ ಬರುವುದು ಕುರ್ಚಿಯಲ್ಲಿ ಕೂತಾಗ ಅಲ್ಲ, ಹೊರಡುವಾಗ.

"ಸಾರ್, ನಾನು ಹೇಳ್ದೆ ಅಂತ ಹೇಳ್ಬೇಡಿ. ಇವ್ರ ಒಳಚಡ್ಡಿ ಒಗೀವಾಗ ದಿನಾ ಕೀವಿನ ಕಲೆ ಇರುತ್ತೆ. ಕೇಳಿದ್ರೆ ಸಿಟ್ಟು ಮಾಡ್ಕೋತಾರೆ."

ಮಾರನೇ ದಿನವೇ ಅವರಿಗೆ ಫೋನ್ ಮಾಡಿ, ಹಳೇ ರಿಪೋರ್ಟು ಎಲ್ಲ ತಗೊಂಡು ಬನ್ನಿ, ಒಂದ್ಸಲ ಪೂರ್ತಿ ನೋಡೋಣ ಅಂದೆ. ಬಂದರು. ಪ್ಯಾಂಟಿನ ಬದಲು ಲುಂಗಿ ಉಟ್ಟಿದ್ದರು. ನಡೆಯುವಾಗ ಕಾಲು ಸ್ವಲ್ಪ ಅಗಲ ಇಟ್ಟು ನಡೆಯುತ್ತಿದ್ದರು. ಇದು ಅಂದೇ ಶುರುವಾದದ್ದೇನೂ ಅಲ್ಲ. ನಾನು ಯಾವತ್ತೂ ಅವರು ನಡೆದು ಬರುವುದನ್ನು ನೋಡಿರಲೇ ಇಲ್ಲ. ಅವರು ಒಳಗೆ ಬರುವಾಗ ನಾನು ಹಿಂದಿನ ರೋಗಿಯ ಚೀಟಿ ಬರೆಯುತ್ತಿರುತ್ತಿದ್ದೆ.

ಹತ್ತು ತಿಂಗಳಲ್ಲಿ ಅವರನ್ನು ಮಂಚದ ಮೇಲೆ ಮಲಗಿಸಿ ಕೆಳಗಡೆ ಪರೀಕ್ಷೆ ಮಾಡಿದ್ದು ಅದೇ ಮೊದಲು. ನಾನೂ ಗಂಡಸು, ಅವರೂ ಗಂಡಸು, ನಡುವೆ ಪರದೆ ಬೇರೆ ಇದೆ. ಆದರೂ ಮಾಡಿರಲಿಲ್ಲ. ಎಡಗಡೆ ಬೀಜದ ಹಿಂದೆ, ಕೆಳತುದಿಯಲ್ಲಿ, ಗಟ್ಟಿ ಗಂಟು. ಮುಟ್ಟಿದರೆ ಅಂಥ ನೋವಿಲ್ಲ. ಬೀಜ ಮಾತ್ರ ಸರಿಯಾಗೇ ಇತ್ತು, ಅದಕ್ಕೆ ಅಂಟಿಕೊಂಡ ಸುರುಳಿ ನಾಳ, ಎಪಿಡಿಡಿಮಿಸ್ ಅನ್ನುತ್ತೇವಲ್ಲ, ಅದು ಕಲ್ಲಾಗಿತ್ತು. ಅಲ್ಲಿಂದ ಮೇಲಕ್ಕೆ ಹೋಗುವ ವೀರ್ಯನಾಳವನ್ನು ಬೆರಳಲ್ಲಿ ಹಿಡಿದರೆ ಮಣಿ ಪೋಣಿಸಿದ ದಾರದ ಹಾಗೆ ಉಬ್ಬುಬ್ಬು. ಚೀಲದ ಹಿಂಭಾಗದಲ್ಲಿ ಒಂದು ಸಣ್ಣ ತೂತು, ಅದರಿಂದ ತೆಳ್ಳನೆಯ ಕೀವು.

ಈ ಚಿತ್ರವನ್ನು ಪುಸ್ತಕದಲ್ಲಿ ಎಷ್ಟು ಸಲ ಓದಿರಲಿಲ್ಲ! ಮಾಮೂಲಿ ಬ್ಯಾಕ್ಟೀರಿಯಾದ ಊತ ಆಗಿದ್ದರೆ ಎರಡು ದಿನದಲ್ಲಿ ಕೆಂಪಗೆ ಊದಿ, ಜ್ವರ ಬಂದು, ಮುಟ್ಟಿದರೆ ಕಿರುಚುವಷ್ಟು ನೋವಿರುತ್ತದೆ. ತಿಂಗಳುಗಟ್ಟಲೆ ನೋವಿಲ್ಲದೆ ಗಂಟಾಗಿ, ಹಿಂದೆ ಒಡೆದು ಸೋರುವುದು ಟಿಬಿಯ ಚಾಳಿ. ಬೀಜದ ಕ್ಯಾನ್ಸರ್ ಕೂಡ ನೋವಿಲ್ಲದ ಗಂಟಾಗಿಯೇ ಬರುತ್ತದೆ, ಆದರೆ ಅದು ಬೀಜದಲ್ಲೇ ಇರುತ್ತದೆ. ಹಾಗಾಗಿ ಗಂಟು ಎಲ್ಲಿದೆ ಅಂತ ಕೈಯಲ್ಲಿ ಮುಟ್ಟಿ ನೋಡುವುದು, ಆಮೇಲೆ ಸ್ಕ್ಯಾನ್ ಮಾಡಿಸುವುದು, ಎರಡೂ ಬೇಕು.

ಎಷ್ಟು ದಿನದಿಂದ ಇದೆ ಅಂದೆ. "ಶ್ರಾವಣದಿಂದ ಸಾರ್." ಅಂದರೆ ಆಗಸ್ಟಿನಿಂದ. ನಾನು ಲೀವೋಫ್ಲಾಕ್ಸಾಸಿನ್ ಬರೆದು ಕಳಿಸಿದ ದಿನ ಆ ಗಂಟು ಅಲ್ಲೇ ಇತ್ತು, ಮೇಜಿನ ಆಚೆ, ಎರಡು ಅಡಿ ದೂರದಲ್ಲಿ. ಸೀಟಿನ ಬಿಸಿಗೆ ಕುರು ಎದ್ದಿದೆ ಅಂತ ಸುಣ್ಣ ಬೆಲ್ಲ ಹಚ್ಚಿದ್ದರು. ಒಡೆದ ಮೇಲೆ ಹತ್ತಿ ಇಟ್ಟುಕೊಂಡು ಬಸ್ಸು ಓಡಿಸಿದ್ದರು.

ಯಾಕೆ ಹೇಳಲಿಲ್ಲ ಅಂತ ಕೇಳಿದ್ದಕ್ಕೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಡ್ರೈವರ್‌ಗೆ ಅಲ್ಲಿ ಕೀವು ಬಂದ್ರೆ ಜನ ಏನಂದ್ಕೋತಾರೆ ಗೊತ್ತಲ್ಲ ಸಾರ್. ಮನೇಲೂ ಅದೇ ಅಂದ್ಕೊಂಡ್ರೆ?" ಅಂದರು. ಹೆಂಡತಿ ಅನುಮಾನ ಪಡುತ್ತಾಳೆ ಅಂತ ಇವರು ಮುಚ್ಚಿಟ್ಟರು. ಇವರು ಮುಚ್ಚಿಟ್ಟಿದ್ದಕ್ಕೇ ಆಕೆಗೆ ಅನುಮಾನ ಬಂದಿತ್ತು. ಆಕೆ ನನ್ನ ಹತ್ತಿರ ಹೇಳಿದ್ದರಲ್ಲಿ ಅರ್ಧ ಕಾಳಜಿ, ಅರ್ಧ ಆ ಅನುಮಾನ. ಯಾವುದಾದರೇನು, ಹೇಳಿದರಲ್ಲ.

ಪಕ್ಕೆಯ ನೀರು

ಮನೆಯಲ್ಲಿ ಯಾರಿಗಾದರೂ ಟಿಬಿ ಇತ್ತಾ ಅಂತ ಮೊದಲೇ ಒಂದು ಸಲ ಕೇಳಿದ್ದೆ, ಇಲ್ಲ ಅಂದಿದ್ದರು. ಈ ಸಲ ತಾಯಿಯನ್ನು ಕರೆದುಕೊಂಡು ಬನ್ನಿ ಅಂದೆ. ಆ ಅಜ್ಜಿಗೆ ಟಿಬಿ ಅಂತ ಕೇಳಲಿಲ್ಲ. ಚಿಕ್ಕವನಿದ್ದಾಗ ದೊಡ್ಡ ಕಾಯಿಲೆ ಏನಾದರೂ ಬಿದ್ದಿದ್ದನಾ ಅಂತ ಕೇಳಿದೆ.

"ಅಯ್ಯೋ, ಹದಿನೇಳು ವರ್ಸದವನಿದ್ದಾಗ ಪಕ್ಕೆಯಿಂದ ನೀರು ತೆಗೆಸಿದ್ವಲ್ಲ ಡಾಕ್ಟ್ರೇ. ಇಷ್ಟು ದೊಡ್ಡ ಬಾಟ್ಲಿ. ಆರು ತಿಂಗ್ಳು ಮಾತ್ರೆ ಅಂದಿದ್ರು, ಮೂರು ತಿಂಗ್ಳಿಗೆ ಗುಂಡುಗುಂಡಾಗಿ ಚೆನ್ನಾಗಾದ, ಬಿಟ್ಬಿಟ್ಟ."

ನಮ್ಮ ದೇಶದಲ್ಲಿ ಹದಿಹರೆಯದ ಹುಡುಗನ ಪಕ್ಕೆಯಲ್ಲಿ ನೀರು ತುಂಬಿ, ಆರು ತಿಂಗಳ ಮಾತ್ರೆ ಕೊಟ್ಟಿದ್ದಾರೆ ಅಂದರೆ ಅದು ಬಹುತೇಕ ಟಿಬಿಯೇ. ಅವರ ಮನೆಯಲ್ಲಿ ಅದಕ್ಕೆ ಯಾರೂ ಟಿಬಿ ಅಂತ ಕರೆದಿರಲಿಲ್ಲ, ‘ಪಕ್ಕೆಯ ನೀರು’ ಅಂತಲೇ ಹೆಸರು. ಹಾಗಾಗಿ ನನ್ನ ಪ್ರಶ್ನೆಗೆ ಅವರು ಕೊಟ್ಟ ಉತ್ತರ ಸುಳ್ಳಾಗಿರಲಿಲ್ಲ, ನನ್ನ ಪ್ರಶ್ನೆಯೇ ಸರಿಯಿರಲಿಲ್ಲ.

ಮೂತ್ರಾಂಗಕ್ಕೆ ಟಿಬಿ ಹೊರಗಿನಿಂದ ಹತ್ತುವುದಿಲ್ಲ. ಮೊದಲು ಉಸಿರಿನ ಮೂಲಕ ಶ್ವಾಸಕೋಶಕ್ಕೆ ಬಂದು, ಅಲ್ಲಿಂದ ರಕ್ತದಲ್ಲಿ ತೇಲಿ ಕಿಡ್ನಿಯ ಮೇಲ್ಪದರದಲ್ಲಿ ಹೋಗಿ ಕೂರುತ್ತದೆ. ಹತ್ತು ಇಪ್ಪತ್ತು ವರ್ಷ ಸುಮ್ಮನೆ ಕೂತಿರಬಹುದು. ಎದ್ದರೆ ಕಿಡ್ನಿಯೊಳಗೆ ತಿನ್ನುತ್ತಾ ಬರುತ್ತದೆ, ಆಮೇಲೆ ಮೂತ್ರದ ಜೊತೆ ಕೆಳಗಿಳಿದು ನಾಳ, ಮೂತ್ರಕೋಶ, ಪ್ರಾಸ್ಟೇಟ್, ಎಪಿಡಿಡಿಮಿಸ್. ರೋಗಿಗೆ ಗೊತ್ತಾಗುವುದು ಮೂತ್ರಕೋಶಕ್ಕೆ ಬಂದಾಗಲೇ, ಉರಿ ಶುರುವಾದಾಗ. ಅಂದರೆ ನಮ್ಮ ಡ್ರೈವರ್ ಮೊದಲ ದಿನ ಉರಿ ಅಂತ ಬಂದಾಗಲೇ ಕಿಡ್ನಿಯಲ್ಲಿ ಕೆಲಸ ಸಾಕಷ್ಟು ನಡೆದಿತ್ತು.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಪ್ರತಿ ವರ್ಷ ಮಾರ್ಚ್ 24ಕ್ಕೆ ವಿಶ್ವ ಕ್ಷಯರೋಗ ದಿನ ಮಾಡುತ್ತೇವೆ. 1882ರಲ್ಲಿ ರಾಬರ್ಟ್ ಕಾಕ್ ಈ ರೋಗಾಣುವನ್ನು ಕಂಡುಹಿಡಿದೆ ಅಂತ ಹೇಳಿದ ದಿನ ಅದು. ಜಾಥಾ ಹೋಗುತ್ತದೆ, ಬ್ಯಾನರಿನಲ್ಲಿ ಎರಡು ವಾರಕ್ಕಿಂತ ಹೆಚ್ಚು ಕೆಮ್ಮು ಅಂತ ದೊಡ್ಡದಾಗಿ ಬರೆದಿರುತ್ತದೆ. ತಪ್ಪಲ್ಲ, ಜಾಸ್ತಿ ಜನಕ್ಕೆ ಬರುವುದು, ಇನ್ನೊಬ್ಬರಿಗೆ ಹರಡುವುದು ಆ ಟಿಬಿಯೇ. ಆದರೆ ನಾಲ್ಕೈದು ರೋಗಿಗಳಲ್ಲಿ ಒಬ್ಬರಿಗೆ ಶ್ವಾಸಕೋಶದ ಹೊರಗೆ ಬರುತ್ತದೆ. ಈ ಮನುಷ್ಯ ಹತ್ತು ತಿಂಗಳಲ್ಲಿ ಒಂದು ದಿನವೂ ಕೆಮ್ಮಲಿಲ್ಲ. ಆ ಜಾಥಾ ಅವರ ಬಸ್ಸಿನ ಮುಂದೆಯೇ ಹೋಗಿದ್ದಿರಬೇಕು.

ಮೂರು ಬಾಟಲಿ

ಎಲ್ಲ ಆಂಟಿಬಯೋಟಿಕ್ ನಿಲ್ಲಿಸಿ ಎರಡು ವಾರ ಕಾದೆವು. ಆ ಎರಡು ವಾರ ಅವರಿಗೆ ನರಕ. ಆಮೇಲೆ ಮೂರು ದಿನ, ಬೆಳಿಗ್ಗೆ ಎದ್ದ ತಕ್ಷಣದ ಮೂತ್ರ. ರಾತ್ರಿಯೆಲ್ಲ ಶೇಖರವಾದದ್ದರಲ್ಲಿ ರೋಗಾಣು ಸಿಗುವ ಸಾಧ್ಯತೆ ಜಾಸ್ತಿ. ಅದರಲ್ಲೂ ಟಿಬಿ ರೋಗಾಣು ಮೂತ್ರದಲ್ಲಿ ದಿನಾ ಬರುವುದಿಲ್ಲ, ಬಿಟ್ಟು ಬಿಟ್ಟು ಬರುತ್ತದೆ. ಅವರ ಮೊದಲ ಟ್ರಿಪ್ಪು ಬೆಳಿಗ್ಗೆ ಐದೂವರೆಗೆ. ಬಟ್ಟೆ ಅಂಗಡಿಯ ಕವರಿನಲ್ಲಿ ಬಾಟಲಿ ಸುತ್ತಿಕೊಂಡು, ಡ್ರೈವರ್ ಸೀಟಿನ ಪಕ್ಕ ಇಟ್ಟುಕೊಂಡು, ಜಿಲ್ಲಾ ಆಸ್ಪತ್ರೆಯ ಸ್ಟಾಪಿನಲ್ಲಿ ಇಳಿದು ಕೊಟ್ಟು ಬರುತ್ತಿದ್ದರು.

ಮೊದಲ ಬಾಟಲಿ: ಸೂಕ್ಷ್ಮದರ್ಶಕದಲ್ಲಿ ಏನೂ ಇಲ್ಲ, ಟಿಬಿ ರೋಗಾಣುವಿನ ಡಿಎನ್ಎ ಹುಡುಕುವ ಸಿಬಿನ್ಯಾಟ್ ಯಂತ್ರದಲ್ಲೂ ಪತ್ತೆಯಾಗಿಲ್ಲ. ಆ ಸಂಜೆ ನಿಜವಾಗಿಯೂ ಅಳುಕಿದೆ. ಮತ್ತೆ ಹರಳಿಗೇ ವಾಪಸ್ಸು ಹೋಗಬೇಕಾ ಅನ್ನಿಸಿತು. ಇನ್ನೊಂದು ‘ಇಲ್ಲ’ವನ್ನು ನಂಬಿ ಕೂರುವುದು ಎಷ್ಟು ಸುಲಭ ನೋಡಿ. ಎರಡನೇ ದಿನದ ಮೂತ್ರದಲ್ಲಿ ಸಿಕ್ಕಿತು, ಸ್ವಲ್ಪವೇ, ಆದರೆ ಸಿಕ್ಕಿತು. ತೂತಿನಿಂದ ತೆಗೆದ ಕೀವಿನಲ್ಲೂ ಸಿಕ್ಕಿತು. ಟಿಬಿಯ ಮುಖ್ಯ ಔಷಧಿಯಾದ ರಿಫಾಂಪಿಸಿನ್ ಮಾತ್ರೆಗೆ ಬಗ್ಗುವ ರೋಗಾಣು ಅಂತಲೂ ಅದೇ ಯಂತ್ರ ಹೇಳಿತು. ಎರಡು ಗಂಟೆಯ ಪರೀಕ್ಷೆ, ಸರಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲ. ಹತ್ತು ತಿಂಗಳಲ್ಲಿ ಅವರು ಬೇರೆ ಬೇರೆ ಕಡೆ ಖರ್ಚು ಮಾಡಿದ್ದು ಹದಿನಾಲ್ಕು ಸಾವಿರದ ಮೇಲೆ.

ಎಚ್ಐವಿ ಇಲ್ಲ. ಎದೆಯ ಎಕ್ಸ್‌ರೇಯಲ್ಲಿ ಪಕ್ಕೆಯ ಮೂಲೆ ಒಂದು ಸ್ವಲ್ಪ ಮೊಂಡಾಗಿತ್ತು, ಹತ್ತೊಂಬತ್ತು ವರ್ಷದ ಹಿಂದಿನ ನೀರಿನ ಗುರುತು. ಕಿಡ್ನಿಯ ಕೆಲಸ ಹೇಗಿದೆ ಅಂತ ತೋರಿಸುವ ರಕ್ತದ ಕ್ರಿಯಾಟಿನಿನ್ 1.4, ಸ್ವಲ್ಪ ಜಾಸ್ತಿ. ಸಿಟಿ ಸ್ಕ್ಯಾನಿನಲ್ಲಿ ಎಡ ಕಿಡ್ನಿಯ ಒಳಭಾಗ ಹುಳು ತಿಂದ ಹಾಗಿತ್ತು. ಅಲ್ಲಿಂದ ಇಳಿಯುವ ನಾಳ ಕೆಳತುದಿಯಲ್ಲಿ ಕಿರಿದಾಗಿ, ಮೂತ್ರ ಹಿಂದಕ್ಕೆ ಕಟ್ಟಿಕೊಂಡಿತ್ತು. ಮೂತ್ರಕೋಶದ ಗೋಡೆ ದಪ್ಪ, ಜಾಗ ಕಮ್ಮಿ. ಗಂಟೆಗೊಂದು ಸಲ ಯಾಕೆ ಓಡುತ್ತಿದ್ದರು ಅನ್ನುವುದಕ್ಕೆ ಉತ್ತರ ಅದು.

ಕೆಂಪು ಮೂತ್ರ

2025ರ ಜನವರಿಯಲ್ಲಿ ಚಿಕಿತ್ಸೆ ಶುರು. ಎರಡು ತಿಂಗಳು ನಾಲ್ಕು ಔಷಧಿ, ಆಮೇಲೆ ನಾಲ್ಕು ತಿಂಗಳು ಮೂರು ಔಷಧಿ, ತೂಕ ನೋಡಿ ಮಾತ್ರೆಯ ಲೆಕ್ಕ, ದಿನಾ ನುಂಗಬೇಕು. ಟಿಬಿ ರೋಗಿಗಳ ಲೆಕ್ಕ ಇಡುವ ಸರಕಾರದ ನಿಕ್ಷಯ್ ಪೋರ್ಟಲಿನಲ್ಲಿ ಹೆಸರು ಬರೆಸಿದೆವು. ಪೌಷ್ಟಿಕ ಆಹಾರಕ್ಕೆ ಅಂತ ತಿಂಗಳಿಗೆ 1000 ರೂಪಾಯಿ ಖಾತೆಗೆ ಬರುತ್ತದೆ, ಮೊದಲು 500 ಇತ್ತು. ಖಾಸಗಿ ಡಾಕ್ಟರು ಪತ್ತೆ ಹಚ್ಚಿದರೂ ಸರಕಾರಕ್ಕೆ ತಿಳಿಸಲೇಬೇಕು, 2012ರಿಂದ ಅದು ಕಡ್ಡಾಯ.

ಐದನೇ ದಿನ ಆಶಾ ಕಾರ್ಯಕರ್ತೆ ಫೋನ್ ಮಾಡಿದರು. "ಸಾರ್, ಅವ್ರು ಮೂರು ದಿನದಿಂದ ಮಾತ್ರೆ ನಿಲ್ಸಿದ್ದಾರೆ." ಕಾರಣ ಕೇಳಿ ತಲೆ ಚಚ್ಚಿಕೊಂಡೆ. ರಿಫಾಂಪಿಸಿನ್ ನುಂಗಿದರೆ ಮೂತ್ರ ಕಿತ್ತಳೆ ಕೆಂಪಾಗುತ್ತದೆ. ಬೇರೆ ಟಿಬಿ ರೋಗಿಗಳಿಗೆ ತಪ್ಪದೆ ಹೇಳುವ ಮಾತು. ಇವರಿಗೆ ಹೇಳಲು ಮರೆತಿದ್ದೆ. ಮೂತ್ರದ ಕಾಯಿಲೆಯವನಿಗೆ, ಅದೂ ಒಂದು ಸಲ ಮೂತ್ರದಲ್ಲಿ ರಕ್ತ ನೋಡಿ ಹೆದರಿದವನಿಗೆ, ಬೆಳಿಗ್ಗೆ ಎದ್ದರೆ ಕೆಂಪು ಮೂತ್ರ ಹೋದರೆ ಹೇಗಾಗಬೇಡ? ಕೂತು ವಿವರಿಸಿದ ಮೇಲೆ ಮತ್ತೆ ಶುರು ಮಾಡಿದರು. ಆಮೇಲೆ ಒಂದು ದಿನವೂ ಬಿಡಲಿಲ್ಲ.

ಹೆಂಡತಿಯ ಪ್ರಶ್ನೆಗಳು ಬೇರೆ ಇದ್ದವು. ನನಗೆ ಬರುತ್ತಾ, ಮಗುವಿಗೆ ಬರುತ್ತಾ, ತಟ್ಟೆ ಲೋಟ ಬೇರೆ ಇಡಬೇಕಾ. ಶ್ವಾಸಕೋಶದಲ್ಲಿ ಇಲ್ಲದ್ದರಿಂದ ಕೆಮ್ಮಿ ಹರಡುವ ಭಯ ಇಲ್ಲ, ತಟ್ಟೆ ಲೋಟದಿಂದ ಹರಡುವುದಂತೂ ಇಲ್ಲ ಅಂದೆ. ಲೈಂಗಿಕ ಸಂಪರ್ಕದಿಂದ ಹರಡುವುದು ತೀರಾ ಅಪರೂಪ, ಆದರೂ ಮೊದಲ ಕೆಲವು ತಿಂಗಳು ಕಾಂಡೋಮ್ ಬಳಸಿ ಅಂದೆ. ಇದು ಹೊರಗಿನ ಹೆಂಗಸರ ಸಹವಾಸದಿಂದ ಬರುವ ಕಾಯಿಲೆ ಅಲ್ಲ ಅನ್ನುವುದನ್ನು ಗಂಡನ ಎದುರಿಗೇ, ಎರಡು ಸಲ ಹೇಳಿದೆ. ಆಗ ಆಕೆಯ ಮುಖ ನೋಡಬೇಕಿತ್ತು. ಇವರದ್ದನ್ನೂ.

ಗುಣವಾಗುವಾಗಲೇ ಕಟ್ಟಿಕೊಂಡ ನಾಳ

ಈ ಪ್ರಕರಣದಲ್ಲಿ ನಾನು ಕಲಿತದ್ದರಲ್ಲಿ ನನಗೆ ಎಲ್ಲಕ್ಕಿಂತ ಹೊಸದು ಇದು. ಐದನೇ ವಾರಕ್ಕೆ ಉರಿ ಹೋಗಿತ್ತು, ತೂಕ ಎರಡೂವರೆ ಕಿಲೋ ಏರಿತ್ತು, ತೂತು ಒಣಗುತ್ತಿತ್ತು. ಮೂತ್ರಾಂಗದ ತಜ್ಞರು ಸ್ಕ್ಯಾನ್ ಮಾಡಿಸಿ ಅಂದಿದ್ದರು. ಇವರು ಒಪ್ಪಲಿಲ್ಲ. "ಚೆನ್ನಾಗಿದೀನಲ್ಲ ಸಾರ್, ಸುಮ್ನೆ ಯಾಕೆ ಒಂದು ದಿನದ ಸಂಬಳ ಹಾಳು?" ನನಗೂ ಒಳಗೊಳಗೆ ಹಾಗೇ ಅನ್ನಿಸಿತ್ತು ಅಂತ ಒಪ್ಪಿಕೊಳ್ಳುತ್ತೇನೆ. ಆದರೆ ಅಷ್ಟು ಹೊತ್ತಿಗೆ ನನ್ನ ಅನಿಸಿಕೆಯ ಮೇಲೆ ನನಗೇ ನಂಬಿಕೆ ಹೋಗಿತ್ತು. ಹಟ ಹಿಡಿದು ಕಳಿಸಿದೆ.

ಎಡ ಕಿಡ್ನಿ ಮೊದಲಿಗಿಂತ ಜಾಸ್ತಿ ಊದಿತ್ತು. ನೋವು ಒಂಚೂರೂ ಇಲ್ಲ.

ಗಾಯ ಮಾಯುವಾಗ ಚರ್ಮ ಎಳೆದುಕೊಳ್ಳುತ್ತದಲ್ಲ, ಸುಟ್ಟ ಗಾಯದ ಕಲೆ ನೋಡಿದವರಿಗೆ ಗೊತ್ತು. ಒಳಗೂ ಹಾಗೇ. ಮಾತ್ರೆಗೆ ರೋಗಾಣು ಸಾಯುತ್ತಿದ್ದ ಹಾಗೆ ನಾಳದ ಹುಣ್ಣು ಮಾಯುತ್ತದೆ, ಮಾಯುವಾಗ ಕಲೆ ಕಟ್ಟಿ ನಾಳ ಇನ್ನೂ ಕಿರಿದಾಗುತ್ತದೆ. ರೋಗ ಗುಣವಾಗುತ್ತದೆ, ಕಿಡ್ನಿ ಹೋಗುತ್ತದೆ. ಅದೇ ವಾರ ಒಳಗಿನಿಂದ ಡಿಜೆ ಸ್ಟೆಂಟ್ ಹಾಕಿದರು. ಕಿಡ್ನಿಯಿಂದ ಮೂತ್ರಕೋಶದವರೆಗೆ ಒಂದು ತೆಳ್ಳನೆಯ ಕೊಳವೆ, ಎರಡೂ ತುದಿಯಲ್ಲಿ ಸುರುಳಿ. ಇನ್ನು ಒಂದು ತಿಂಗಳು ಬಿಟ್ಟಿದ್ದರೆ ಕೊಳವೆ ತೂರಿಸಲೂ ಜಾಗ ಇರುತ್ತಿರಲಿಲ್ಲವೇನೋ ಅಂದರು ತಜ್ಞರು. ಸ್ಟೆಂಟಿನ ಕಿರಿಕಿರಿಗೆ ನಮ್ಮ ಡ್ರೈವರ್ ನನ್ನನ್ನು ಬೈದುಕೊಂಡಿದ್ದು ಲೆಕ್ಕವಿಲ್ಲ. ಬೈಯಲಿ.

ಜುಲೈಗೆ ಮಾತ್ರೆ ಮುಗಿಯಿತು. ಸ್ಟೆಂಟ್ ಒಮ್ಮೆ ಬದಲಾಯಿಸಿ, ಆಮೇಲೆ ತೆಗೆದರು. ನಾಳ ಮತ್ತೆ ಕಟ್ಟಿಕೊಂಡಿಲ್ಲ, ಆರು ತಿಂಗಳಿಗೊಮ್ಮೆ ನೋಡುತ್ತಿರಬೇಕು. ಕಿಡ್ನಿಯ ಕೆಲಸ ಅಳೆಯುವ ಸ್ಕ್ಯಾನಿನಲ್ಲಿ ಒಟ್ಟು ಕೆಲಸದಲ್ಲಿ ಎಡಗಡೆಯ ಪಾಲು 22 ಶೇಕಡ ಬಂತು. ಎರಡೂ ಸರಿಯಿದ್ದರೆ ಹತ್ತಿರ ಹತ್ತಿರ 50 ಇರಬೇಕಿತ್ತು. ತೆಗೆಯಬೇಕಾದ ಕಿಡ್ನಿ ಅಲ್ಲ, ಉಳಿಸಿಕೊಳ್ಳೋಣ ಅಂದರು.

ಇನ್ನೊಂದು ವಿಷಯ ತಡವಾಗಿ ಹೊರಬಿತ್ತು. ಎರಡನೇ ಮಗು ಆಗಿಲ್ಲ ಅಂತ ಹೆಂಡತಿ ಎರಡು ವರ್ಷದಿಂದ ಬೇರೊಂದು ಕಡೆ ತೋರಿಸಿಕೊಳ್ಳುತ್ತಿದ್ದರು. ಆಕೆಗೆ ಸ್ಕ್ಯಾನ್, ಇಂಜೆಕ್ಷನ್, ಹಾರ್ಮೋನ್ ಮಾತ್ರೆ ಎಲ್ಲ ಆಗಿತ್ತು. ಗಂಡನ ವೀರ್ಯ ಪರೀಕ್ಷೆ ಒಂದು ಸಲವೂ ಆಗಿರಲಿಲ್ಲ. ಮೊದಲನೆಯದು ಆಗಿದೆಯಲ್ಲ, ಗಂಡಸಿನಲ್ಲಿ ದೋಷ ಇಲ್ಲ ಅನ್ನುವ ಲೆಕ್ಕ. ಈಗ ಮಾಡಿಸಿದರೆ ಎರಡು ಸಲವೂ ಒಂದೂ ವೀರ್ಯಾಣು ಇಲ್ಲ. ಬೀಜ ಕೆಲಸ ಮಾಡುತ್ತಿದೆ, ಹೊರಗೆ ಬರುವ ದಾರಿ ಎರಡೂ ಕಡೆ ಮುಚ್ಚಿದೆ. ಆ ಎರಡು ವರ್ಷದ ಫೈಲೂ ನನ್ನ ಹತ್ತು ತಿಂಗಳ ಫೈಲೂ ಒಂದೇ ಮನೆಯ ಒಂದೇ ಬೀರುವಿನಲ್ಲಿ ಇದ್ದವು. ಹೆಂಗಸರಲ್ಲೂ ಟಿಬಿ ಹೀಗೇ ಸದ್ದಿಲ್ಲದೆ ಗರ್ಭನಾಳವನ್ನು ಮುಚ್ಚುತ್ತದೆ. ನಮ್ಮ ದೇಶದಲ್ಲಿ ಮಕ್ಕಳಾಗದ ಹೆಂಗಸರಲ್ಲಿ ಅದನ್ನು ಹುಡುಕುತ್ತಾರೆ. ಗಂಡಸರ ಲೆಕ್ಕ ತೆಗೆಯುವಾಗ ಮಾತ್ರ ನಮಗೆ ಅದು ನೆನಪಾಗುವುದಿಲ್ಲ.

ಈಗ ನನ್ನ ಕ್ಲಿನಿಕ್ಕಿನಲ್ಲಿ ಕೆಲವು ಬದಲಾಗಿವೆ. ಉರಿಮೂತ್ರ ಅಂತ ಬಂದ ಗಂಡಸನ್ನು ಮಂಚದ ಮೇಲೆ ಮಲಗಿಸದೆ ಕಳಿಸುವುದಿಲ್ಲ. ಆಂಟಿಬಯೋಟಿಕ್ ಬರೆಯುವ ಮೊದಲು ಕಲ್ಚರಿಗೆ ಬಾಟಲಿ ಕೊಡುತ್ತೇನೆ. ಪಸ್ ಸೆಲ್ಸ್ ಇದ್ದು ಕಲ್ಚರ್ ಖಾಲಿ ಬಂದರೆ ಆ ಎರಡು ಕಾಗದವನ್ನು ಪಿನ್ ಹೊಡೆದು ಮೇಜಿನ ಮೇಲೆ ಇಟ್ಟುಕೊಳ್ಳುತ್ತೇನೆ, ಉತ್ತರ ಸಿಗುವವರೆಗೂ. ಹೀಗೆ ಪಿನ್ ಹೊಡೆದಿದ್ದು ಇಲ್ಲಿಯವರೆಗೆ ಏಳು. ಮೂರು ಜನ ಬರುವ ಮೊದಲೇ ಮಾತ್ರೆ ತಿಂದಿದ್ದವರು, ಇಬ್ಬರಿಗೆ ಹರಳು, ಒಬ್ಬರಿಗೆ ಕ್ಲಮೈಡಿಯಾ, ಒಬ್ಬರದ್ದು ಇನ್ನೂ ಗೊತ್ತಾಗಿಲ್ಲ. ಟಿಬಿ ಒಂದೂ ಇಲ್ಲ. ಉರಿಮೂತ್ರ ಬಂದವರೆಲ್ಲ ಇದನ್ನು ಓದಿ ಹೆದರಬೇಡಿ ಅಂತ ಇದನ್ನು ಹೇಳಿದೆ.

ಡ್ರೈವರ್ ಮತ್ತೆ ಕೆಲಸಕ್ಕೆ ಹೋಗುತ್ತಿದ್ದಾರೆ. ಮೂತ್ರಕೋಶ ಮೊದಲಿನಷ್ಟು ಹಿಗ್ಗುವುದಿಲ್ಲ, ಎರಡು ಗಂಟೆಗೊಮ್ಮೆ ಇಳಿಯಲೇಬೇಕು. ಮಾಲೀಕರಿಗೆ ಹೇಳಿ ದೂರದ ರೂಟು ಬಿಟ್ಟು ಹತ್ತಿರದ್ದು ತಗೊಂಡಿದ್ದಾರೆ. ಮಧ್ಯೆ ಒಂದು ಕೈಕಂಬದ ಹತ್ತಿರ ಬಸ್ಸು ಐದು ನಿಮಿಷ ನಿಲ್ಲುತ್ತದೆ. ಡ್ರೈವರಿಗೆ ಅಲ್ಲಿನ ಟೀ ಇಲ್ಲದಿದ್ದರೆ ಆಗಲ್ಲ ಅಂತ ಪ್ಯಾಸೆಂಜರುಗಳು ಬೈಯುತ್ತಾರಂತೆ. ಕಂಡಕ್ಟರ್ ಒಬ್ಬನಿಗೆ ಮಾತ್ರ ನಿಜ ಗೊತ್ತು. ಬೀಜದಿಂದಲೇ ಸೂಜಿಯಲ್ಲಿ ವೀರ್ಯಾಣು ತೆಗೆದು ಮಗು ಮಾಡಿಕೊಳ್ಳುವ ದಾರಿ ಇದೆ ಅಂತ ತಜ್ಞರು ಹೇಳಿದ್ದಾರೆ, ದುಡ್ಡು ಎಷ್ಟಾಗುತ್ತೆ ಅಂತ ಹೆಂಡತಿ ಕೇಳಿಕೊಂಡು ಬಂದಿದ್ದಾರೆ. ಅಜ್ಜಿಗೆ ಇನ್ನೂ ಹೇಳಿಲ್ಲ.